ನಾಲ್ಕು ಎಕರೆ ಗದ್ದೆಯಿದ್ದರೂ ಹೆಣ್ಣು ಸಿಗುತ್ತಿಲ್ಲ: ವಿಕಾಸ ಮನೋವಿಜ್ಞಾನ ಏನೆನ್ನುತ್ತದೆ?

ಪ್ರಶ್ನೆ: ನನಗೆ 32 ವರ್ಷ. ಮಂಡ್ಯ ಜಿಲ್ಲೆಯ ಹಳ್ಳಿಯವನು. ಬಿ.ಕಾಂ. ಮುಗಿಸಿ ಊರಲ್ಲೇ ಉಳಿದು ಕಬ್ಬು, ಭತ್ತ ಬೆಳೆಯುತ್ತಿದ್ದೇನೆ. ನಾಲೆ ನೀರಿನ ನಾಲ್ಕು ಎಕರೆ, ಒಂದು ಕೊಳವೆಬಾವಿ, ಮೂರು ಹಸು, ಸ್ವಂತ ಟ್ರ್ಯಾಕ್ಟರ್ ಇವೆ. ಹೇಳಿಕೊಳ್ಳುವಂಥ ಸಾಲವಿಲ್ಲ. ಐದು ವರ್ಷದಲ್ಲಿ ಹನ್ನೊಂದು ಹೆಣ್ಣು ನೋಡಿದ್ದೇವೆ. ಎಲ್ಲ ಕಡೆಯೂ ‘ಆಮೇಲೆ ತಿಳಿಸುತ್ತೇವೆ’ ಎಂಬ ಉತ್ತರವೇ. ನನ್ನ ಜೊತೆ ಓದಿದವನೊಬ್ಬ ಬೆಂಗಳೂರಿನಲ್ಲಿ ತಿಂಗಳಿಗೆ 22 ಸಾವಿರಕ್ಕೆ ದುಡಿಯುತ್ತಾನೆ, ಬಾಡಿಗೆ ಮನೆಯಲ್ಲಿದ್ದಾನೆ. ಅವನಿಗೆ ಎರಡನೇ ಮನೆಯಲ್ಲೇ ಒಪ್ಪಿಗೆಯಾಯಿತು. ‘ಹೆಣ್ಣು ಆಸ್ತಿ ನೋಡುತ್ತಾಳೆ, ಗಂಡು ರೂಪ ನೋಡುತ್ತಾನೆ, ಇದು ವಿಕಾಸದ ನಿಯಮ’ ಎಂದು ಮೊಬೈಲ್‌ನಲ್ಲಿ ಬರುವ ವಿಡಿಯೊಗಳು ಹೇಳುತ್ತವೆ. ಹಾಗಿದ್ದರೆ ಆಸ್ತಿಯಿರುವ ನನ್ನನ್ನು ಯಾಕೆ ಒಪ್ಪುತ್ತಿಲ್ಲ? ವಿಜ್ಞಾನ ನಿಜವಾಗಿ ಏನು ಹೇಳುತ್ತದೆ? ಜಮೀನನ್ನು ಗುತ್ತಿಗೆಗೆ ಕೊಟ್ಟು ಬೆಂಗಳೂರು ಸೇರಲೇ?

ಉತ್ತರ: ಆ ವಿಡಿಯೊ ಮಾಡಿದವರು ನಿಮ್ಮ ಪತ್ರ ಓದಬೇಕಿತ್ತು. ಅವರ ನಿಯಮ ನಿಜವೇ ಆಗಿದ್ದರೆ ನಿಮ್ಮ ಅಂಗಳದಲ್ಲಿ ಇಷ್ಟು ಹೊತ್ತಿಗೆ ಚಪ್ಪರ ಎದ್ದು, ಮಗುವಿನ ನಾಮಕರಣವೂ ಮುಗಿದಿರಬೇಕಾಗಿತ್ತು. ಏಳಲಿಲ್ಲ ಎಂದರೆ ಒಂದೋ ನಿಯಮ ತಪ್ಪು, ಇಲ್ಲವೇ ‘ಆಸ್ತಿ’ ಎಂಬ ಮಾತಿಗೆ ನೀವೂ ಅವರೂ ಕೊಡುತ್ತಿರುವ ಅರ್ಥ ತಪ್ಪು. ನಾನು ಮೂವತ್ತು ವರ್ಷ ಪ್ರಾಣಿವರ್ತನೆ ಮತ್ತು ಮನೋವಿಜ್ಞಾನ ಪಾಠ ಮಾಡಿದವನು. ಅದಕ್ಕೂ ಮೊದಲು ರೈತನ ಮಗ. ನನ್ನ ಪ್ರಕಾರ ನಿಯಮ ಅರ್ಧ ಸರಿ. ಎಡವಟ್ಟಾಗಿರುವುದು ಆಸ್ತಿಯ ಲೆಕ್ಕದಲ್ಲಿ.

ನಮ್ಮ ಮನಸ್ಸಿನ ಒಲವುಗಳನ್ನು ಜೀವವಿಕಾಸದ ಮೂಲಕ ವಿವರಿಸುವ ಶಾಸ್ತ್ರವೇ ವಿಕಾಸ ಮನೋವಿಜ್ಞಾನ. ಮೊದಲು ಅದರ ಈ ನಿಯಮದ ಹುಟ್ಟು ನೋಡೋಣ. ನವಿಲಿನ ಗರಿ ಕಂಡಾಗಲೆಲ್ಲ ತನಗೆ ವಾಕರಿಕೆ ಬರುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದಿದ್ದರು. ಬದುಕಿ ಉಳಿಯುವುದಕ್ಕೇ ಅಡ್ಡಿಯಾಗುವ ಇಷ್ಟುದ್ದದ ಗರಿ ಯಾಕೆ ಬೆಳೆಯಿತು ಎಂಬುದು ಅವರ ತಲೆನೋವು. 1871ರ ಹೊತ್ತಿಗೆ ಉತ್ತರ ಸಿಕ್ಕಿತ್ತು: ಹೆಣ್ಣು ನವಿಲು ಆರಿಸುತ್ತದೆ, ಆರಿಸಿದ್ದು ಮುಂದಿನ ಪೀಳಿಗೆಗೆ ಹೋಗುತ್ತದೆ. ಇದಕ್ಕೆ ಅವರು ಕೊಟ್ಟ ಹೆಸರು ಲೈಂಗಿಕ ಆಯ್ಕೆ. ಆದರೆ ಆರಿಸುವ ಅಧಿಕಾರ ಹೆಣ್ಣಿಗೇ ಯಾಕೆ? ಅದನ್ನು ಬಿಡಿಸಿ ಹೇಳಿದವರು ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್, 1972ರಲ್ಲಿ. ಮರಿಗಾಗಿ ಯಾರು ಹೆಚ್ಚು ಕಳೆದುಕೊಳ್ಳುತ್ತಾರೋ ಅವರು ಅಳೆದು ತೂಗುತ್ತಾರೆ, ಕಡಿಮೆ ಕಳೆದುಕೊಳ್ಳುವವರು ಪೈಪೋಟಿಗೆ ಬೀಳುತ್ತಾರೆ. ಒಂಬತ್ತು ತಿಂಗಳ ಬಸಿರು, ವರ್ಷಗಟ್ಟಲೆ ಮೊಲೆಯೂಡಿಕೆ ಹೆಣ್ಣಿನ ಪಾಲಿಗೆ ಬಂದಿರುವುದರಿಂದ ಅವಳ ಆಯ್ಕೆ ಬಿಗಿ.

ಇಲ್ಲಿ ಗಮನಿಸಬೇಕಾದದ್ದು, ಟ್ರಿವರ್ಸ್ ಹೆಣ್ಣು–ಗಂಡಿನ ಬಗ್ಗೆ ನಿಯಮ ಬರೆಯಲಿಲ್ಲ, ಹೊರೆಯ ಬಗ್ಗೆ ಬರೆದರು. ಹೊರೆ ಆ ಕಡೆಗೆ ವಾಲಿದರೆ ಆಯ್ಕೆಯೂ ಆ ಕಡೆಗೆ ವಾಲುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಕೆರೆಗಳಲ್ಲೇ ಇದೆ. ತಾವರೆ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ಜಕಾನಾ ಎಂಬ ಹಕ್ಕಿಯನ್ನು ನೋಡಿದ್ದೀರಾದರೆ, ಅದರ ಸಂಸಾರ ತಲೆಕೆಳಗು. ಮೊಟ್ಟೆಯ ಮೇಲೆ ಕೂರುವುದು, ಮರಿ ಕಾಯುವುದು ಎಲ್ಲ ಗಂಡಿನ ಕೆಲಸ. ಹೆಣ್ಣು ಗಾತ್ರದಲ್ಲಿ ದೊಡ್ಡದು. ಬೇರೆ ಹೆಣ್ಣುಗಳ ಜೊತೆ ಜಗಳವಾಡಿ ಜಾಗ ಹಿಡಿಯುತ್ತದೆ, ಹಲವು ಗಂಡುಗಳಿಗೆ ಮೊಟ್ಟೆ ಇಟ್ಟುಕೊಟ್ಟು ಮುಂದೆ ಹೋಗುತ್ತದೆ. ಮನುಷ್ಯರಲ್ಲಿ ತಂದೆಯೂ ಮಗುವಿಗಾಗಿ ಸಾಕಷ್ಟು ದುಡಿಯುವುದರಿಂದ ಎರಡೂ ಕಡೆಯವರು ಆರಿಸುತ್ತಾರೆ. ನೀವೂ ಹನ್ನೊಂದರಲ್ಲಿ ಎಲ್ಲರನ್ನೂ ಒಪ್ಪಿದ್ದಿರಿ ಎಂದು ನಾನು ನಂಬುವುದಿಲ್ಲ.

ಇನ್ನು ವಿಡಿಯೊದವರ ಬ್ರಹ್ಮಾಸ್ತ್ರ. 1989ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಬಸ್ 37 ಸಮಾಜಗಳ 10,047 ಜನರನ್ನು ಕೇಳಿ ಪ್ರಕಟಿಸಿದ ಅಧ್ಯಯನ ಇದು. ಭಾರತವೂ ಅದರಲ್ಲಿತ್ತು. ಸಂಗಾತಿಯ ಗಳಿಕೆಗೆ ಗಂಡಸರಿಗಿಂತ ಹೆಂಗಸರು ಹೆಚ್ಚು ಬೆಲೆ ಕೊಟ್ಟರು, 37ರಲ್ಲಿ 36 ಕಡೆ. ರೂಪ ಮತ್ತು ಎಳೆ ವಯಸ್ಸಿಗೆ ಗಂಡಸರು ಹೆಚ್ಚು ಬೆಲೆ ಕೊಟ್ಟರು. ಇಷ್ಟನ್ನು ಹೇಳಿ ವಿಡಿಯೊ ಮುಗಿಯುತ್ತದೆ. ಆದರೆ ಅದೇ ಅಧ್ಯಯನದ ಹದಿನೆಂಟು ಗುಣಗಳ ಪಟ್ಟಿಯನ್ನು ಮೇಲಿನಿಂದ ಓದಿಕೊಂಡು ಬನ್ನಿ. ಹೆಂಗಸರಲ್ಲೂ ಗಂಡಸರಲ್ಲೂ ಮೊದಲ ಸಾಲುಗಳಲ್ಲಿ ಇರುವುದು ಪರಸ್ಪರ ಪ್ರೀತಿ, ನಂಬಬಹುದಾದ ನಡತೆ, ಮನಸ್ಸಿನ ಸ್ಥಿಮಿತ, ಹಿತವಾದ ಸ್ವಭಾವ. ಹಣದ ಬಾಬು ಇಬ್ಬರಲ್ಲೂ ಪಟ್ಟಿಯ ಕೆಳಗಿನ ಅರ್ಧದಲ್ಲಿ ಬರುತ್ತದೆ. ಗಂಡು–ಹೆಣ್ಣಿನ ನಡುವೆ ವ್ಯತ್ಯಾಸ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಅವರಿಗೆ ಮುಖ್ಯವಾದದ್ದು ಯಾವುದು ಎಂಬುದು ಬೇರೆಯೇ ಪ್ರಶ್ನೆ. ಊಟದಲ್ಲಿ ಉಪ್ಪಿನಕಾಯಿ ನಿಮಗಿಂತ ನನಗೆ ಹೆಚ್ಚು ಬೇಕು ಎನ್ನಿ. ಅಷ್ಟಕ್ಕೇ ನಾನು ಉಪ್ಪಿನಕಾಯಿ ತಿಂದು ಬದುಕುತ್ತೇನೆ ಎಂದಾಗುವುದಿಲ್ಲ.

ಹಣದ ಕುರಿತ ಈ ವ್ಯತ್ಯಾಸ ಹುಟ್ಟಿನಿಂದ ಬಂದದ್ದೇ ಅಥವಾ ಹೆಂಗಸರ ಕೈಯಲ್ಲಿ ಹಣ ಇಲ್ಲದ್ದರಿಂದ ಬಂದದ್ದೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಬಸ್ ಅವರ ಅಂಕಿಗಳನ್ನೇ ಮತ್ತೆ ಜಾಲಿಸಿ, ಸಮಾನತೆ ಹೆಚ್ಚಿರುವ ದೇಶಗಳಲ್ಲಿ ಈ ಅಂತರ ಕಿರಿದಾಗುತ್ತದೆ ಎಂದರು. 2020ರಲ್ಲಿ 45 ದೇಶಗಳ 14,399 ಜನರ ಮೇಲೆ ಮತ್ತೆ ನೋಡಿದಾಗ ವ್ಯತ್ಯಾಸಗಳು ಉಳಿದೇ ಇದ್ದವು; ಸಮಾನತೆಯ ಜೊತೆ ಸ್ಪಷ್ಟವಾಗಿ ಬದಲಾದದ್ದು ವಯಸ್ಸಿನ ಅಂತರ ಮಾತ್ರ. ಒಲವಿನ ಬೀಜ ಹಳೆಯದು, ಅದು ಮೊಳೆಯುವ ಮಣ್ಣು ಊರಿಂದೂರಿಗೆ ಬೇರೆ ಎನ್ನುವುದು ನನ್ನ ಓದು. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಆ ಮಣ್ಣಿನಲ್ಲಿ.

ನಿಮ್ಮಂಥ ಜಮೀನುದಾರರನ್ನು ಹೆಣ್ಣುಗಳು ಮುಗಿಬಿದ್ದು ಆರಿಸಿದ ಊರೊಂದು ದಾಖಲಾಗಿದೆ. ಕೀನ್ಯಾದ ಕಿಪ್ಸಿಗಿಸ್ ಜನರಲ್ಲಿ, 1949ರಿಂದ ಮುಂದಕ್ಕೆ ಅಬೋಸಿ ಎಂಬ ಹೊಸ ಪ್ರದೇಶದಲ್ಲಿ ನೆಲೆಯೂರಿದವರ ಮದುವೆಗಳನ್ನು ಮೊನಿಕ್ ಬೋರ್ಗರ್‌ಹಾಫ್ ಮಲ್ಡರ್ ಎಂಬ ಮಾನವಶಾಸ್ತ್ರಜ್ಞೆ ಒಂದೊಂದಾಗಿ ಲೆಕ್ಕ ಹಾಕಿದರು. ಬಹುಪತ್ನಿತ್ವ ಇದ್ದ ಸಮಾಜ ಅದು. ಆಯಾ ವರ್ಷ ಮದುವೆಗೆ ಸಿಗುವ ಗಂಡುಗಳಲ್ಲಿ ಯಾರು ಬರುವ ಹೆಂಡತಿಗೆ ಹೆಚ್ಚು ಜಮೀನು ಕೊಡಬಲ್ಲರೋ ಅವರಿಗೇ ಹೆಣ್ಣು ಮೊದಲು ಸಿಗುತ್ತಿತ್ತು. ವಿಕಾಸ ಮನೋವಿಜ್ಞಾನದ ಪಾಠಗಳಲ್ಲಿ ಇದು ಮೇಲಿಂದ ಮೇಲೆ ಬರುವ ಉದಾಹರಣೆ. ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಆದರೆ ತರಗತಿಯಲ್ಲಿ ಸುಲಭವಾಗಿ ಜಾರಿಹೋಗುವ ಒಂದು ವಿವರ ಅದರಲ್ಲಿದೆ: ಅಲ್ಲಿ ಗಂಡನ ಜಮೀನು ಹೆಂಡತಿಯರ ನಡುವೆ ಸಮವಾಗಿ ಹಂಚಿಕೆಯಾಗುತ್ತಿತ್ತು. ಮದುವೆಯಾಗಿ ಬಂದವಳಿಗೆ ಉಳಲು, ಬೆಳೆಯಲು, ಮಕ್ಕಳನ್ನು ಸಾಕಲು ತನ್ನದೆನ್ನುವ ತುಂಡು ನೆಲ ಸಿಗುತ್ತಿತ್ತು.

ಈಗ ನಿಮ್ಮ ನಾಲ್ಕು ಎಕರೆಗೆ ಬನ್ನಿ. ಪಹಣಿ ಯಾರ ಹೆಸರಿನಲ್ಲಿದೆ? ಬಹುಶಃ ಇನ್ನೂ ನಿಮ್ಮ ತಂದೆಯವರದು, ಮುಂದೆ ನಿಮ್ಮದು. ಕಾರ್ಖಾನೆಯಿಂದ ಕಬ್ಬಿನ ಹಣ ಬಂದಾಗ ಅದು ಯಾರ ಖಾತೆಗೆ ಬೀಳುತ್ತದೆ? 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರದು ಶೇ 14ರಷ್ಟು ಮಾತ್ರ. ಅಂದರೆ ನಿಮ್ಮ ಮನೆಗೆ ಬರುವ ಹುಡುಗಿಗೆ ಆ ನಾಲ್ಕು ಎಕರೆ ಆಸ್ತಿಯಾಗಿ ಕಾಣುವುದಿಲ್ಲ, ಕೆಲಸವಾಗಿ ಕಾಣುತ್ತದೆ. ನಾಟಿ, ಕಳೆ, ಆಳುಗಳ ಅಡುಗೆ, ಕೊಟ್ಟಿಗೆ. ಬೆಂಗಳೂರಿನ ನಿಮ್ಮ ಗೆಳೆಯನ 22 ಸಾವಿರವೂ ಅವಳದಲ್ಲ, ಒಪ್ಪುತ್ತೇನೆ. ಆದರೆ ಅದು ತಿಂಗಳ ಮೊದಲ ವಾರ ಬರುತ್ತದೆ, ಬಂದಷ್ಟು ಎದುರಿಗೇ ಕಾಣುತ್ತದೆ, ಮತ್ತು ಅದನ್ನು ಗಳಿಸಲು ಅವಳು ಸಗಣಿ ಎತ್ತಬೇಕಾಗಿಲ್ಲ. ಮನಸ್ಸು ಬಂದರೆ ಅವಳೂ ಎರಡು ಬೀದಿ ಆಚೆ ಒಂದು ಕೆಲಸ ಹಿಡಿಯಬಹುದು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳಿಗೆ ಪಾಂಡವಪುರದ ಕಡೆಯ ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಮೂರು ಎಕರೆ ತೆಂಗಿನ ತೋಟ. ಗಂಡಿನ ಮನೆ ನೋಡಲು ಹೊರಟಾಗ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಭಾವ ಗೊಣಗಿದರೂ ಕರೆದುಕೊಂಡು ಹೋದೆವು. ನಾವು ಗಂಡಸರು ತೋಟದ ಬದುವಿನ ಮೇಲೆ ನಿಂತು ಮರ ಎಣಿಸುತ್ತಿದ್ದೆವು. ಅವಳು ಕೈ ತೊಳೆಯುವ ನೆಪದಲ್ಲಿ ಹುಡುಗನ ತಾಯಿಯ ಜೊತೆ ಹಿತ್ತಲಿಗೆ ಹೋದಳು. ಅಲ್ಲಿ ಬಚ್ಚಲ ಒಲೆಗೆ ಒಡೆದಿಟ್ಟ ಸೌದೆ, ಗೋಡೆಗೆ ಒರಗಿಸಿದ ಸಗಣಿ ಪುಟ್ಟಿ, ಬೆಳಗಿನ ಡೇರಿಗೆ ತೊಳೆದು ಬೋರಲು ಹಾಕಿದ ಹಾಲಿನ ಕ್ಯಾನು. ಆ ತಾಯಿಯ ಹಿಮ್ಮಡಿ ಬಿರುಕು ಬಿಟ್ಟು ಕಪ್ಪಾಗಿತ್ತಂತೆ. ‘ಅಮ್ಮ, ನೀವು ತವರಿಗೆ ಹೋಗಿ ನಾಲ್ಕು ದಿನ ಉಳಿದು ಎಷ್ಟು ದಿನವಾಯಿತು?’ ಎಂದು ಕೇಳಿದಳು. ಅವರು ನಕ್ಕು, ‘ಹಸು ಬಿಟ್ಟು ಎಲ್ಲಿಗೆ ಹೋಗಲಮ್ಮ?’ ಎಂದರು. ವಾಪಸು ಬರುವಾಗ ಕಾರಿನಲ್ಲಿ ಅವಳು ಬೇಡ ಎಂದಳು. ಭಾವನಿಗೆ ಸಿಟ್ಟೇ ಬಂತು. ಇಂಥ ತೋಟ ಎಲ್ಲಿ ಸಿಗುತ್ತದೆ ಎಂದು ದಾರಿಯುದ್ದಕ್ಕೂ ಅಂದರು. ಅವಳು ಹೇಳಿದ್ದು ಒಂದೇ ಮಾತು: ‘ತೋಟ ನೀವು ನೋಡಿದಿರಿ, ಬಚ್ಚಲು ನಾನು ನೋಡಿದೆ.’ ಆ ಹುಡುಗನಲ್ಲಿ ಒಂದು ಕೊರತೆಯನ್ನೂ ಅವಳು ಎತ್ತಿ ಆಡಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲಿನ ತನ್ನನ್ನು ಹಿತ್ತಲಿನಲ್ಲಿ ಕಂಡು ಬಂದಿದ್ದಳು, ಅಷ್ಟೆ.

ನಿಮ್ಮ ಹನ್ನೊಂದು ಮನೆಗಳಲ್ಲೂ ಹೀಗೇ ಆಯಿತು ಎನ್ನುವುದಿಲ್ಲ. ಅನೇಕ ಕಡೆ ಹುಡುಗಿಯ ಬಾಯಿಗೆ ಮಾತು ಬರುವ ಮೊದಲೇ ಅಪ್ಪ–ಅಮ್ಮ ಬೇಡ ಎಂದಿರುತ್ತಾರೆ. ವಿಕಾಸ ಮನೋವಿಜ್ಞಾನ ಬಹುಕಾಲ ಮರೆತಿದ್ದ ಸಂಗತಿ ಇದು. ಅಮೆರಿಕದ ಕಾಲೇಜು ಹುಡುಗರನ್ನು ಕೂರಿಸಿಕೊಂಡು ‘ನಿನಗೆ ಎಂಥವಳು ಬೇಕು’ ಎಂದು ಕೇಳಿದವರಿಗೆ, ಜಗತ್ತಿನ ಬಹುಭಾಗದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುವವರು ಬೇರೆ ಎಂಬುದು ಹೊಳೆಯಲು ಸಮಯ ಹಿಡಿಯಿತು. ಸೈಪ್ರಸ್‌ನ ಮೆನೆಲಾಸ್ ಅಪೊಸ್ತೊಲು 2007ರಲ್ಲಿ 190 ಬೇಟೆ–ಸಂಗ್ರಹಣೆಯ ಸಮಾಜಗಳ ದಾಖಲೆಗಳನ್ನು ಜಾಲಿಸಿದರು. ಅಲ್ಲೂ ಹೆಚ್ಚು ರೂಢಿಯಲ್ಲಿದ್ದದ್ದು ಹಿರಿಯರು ಗೊತ್ತುಮಾಡುವ ಮದುವೆಯೇ. ಗುಹೆಯಲ್ಲೂ ಮಾವನನ್ನು ಒಪ್ಪಿಸಬೇಕಿತ್ತು ಎನ್ನೋಣ. ಹೆತ್ತವರ ಹಿತ ಮತ್ತು ಮಗಳ ಹಿತ ಪೂರ್ತಿ ಒಂದೇ ಅಲ್ಲ. 1974ರಲ್ಲಿ ಅದೇ ಟ್ರಿವರ್ಸ್ ಈ ಎಳೆದಾಟದ ಬಗ್ಗೆಯೇ ಬರೆದರು. ಮಗಳ ಮನಸ್ಸು ನಗು, ಮಾತು, ಮೈಕಟ್ಟನ್ನು ಗಮನಿಸಿದರೆ ಅಪ್ಪನ ಮನಸ್ಸು ಮನೆತನ, ಆದಾಯ, ಅಪಾಯಗಳ ಲೆಕ್ಕ ಹಾಕುತ್ತದೆ.

ಆ ಅಪಾಯದ ಲೆಕ್ಕವೂ ನಮ್ಮ ನೆಲದ್ದೇ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಒಣಭೂಮಿಯ ಹಳ್ಳಿಗಳಿಂದ ಸಂಗ್ರಹಿಸಿದ್ದ ಮಾಹಿತಿಯನ್ನು ಇಟ್ಟುಕೊಂಡು ಮಾರ್ಕ್ ರೋಸೆನ್‌ಝ್ವೈಗ್ ಮತ್ತು ಓಡೆಡ್ ಸ್ಟಾರ್ಕ್ ಎಂಬ ಅರ್ಥಶಾಸ್ತ್ರಜ್ಞರು 1989ರಲ್ಲಿ ಒಂದು ಸೊಗಸಾದ ವಿಷಯ ತೋರಿಸಿದರು. ರೈತರು ಹೆಣ್ಣುಮಕ್ಕಳನ್ನು ದೂರದ ಊರಿಗೆ ಕೊಡುವುದು ಒಂದು ಬಗೆಯ ವಿಮೆ. ಇಲ್ಲಿ ಮಳೆ ಕೈಕೊಟ್ಟ ವರ್ಷ ಅಲ್ಲಿ ಬಂದಿರಬಹುದು, ಬೀಗರು ಆಸರೆಯಾಗಬಹುದು. ಇದನ್ನು ಇಂದಿಗೆ ಹಿಗ್ಗಿಸಿ ನೋಡಿ. ನಿಮ್ಮ ಮಾವನಾಗಬಹುದಾದವರು ತಾವೇ ರೈತರು. ಕನ್ನಂಬಾಡಿ ತುಂಬದ ವರ್ಷ ಅವರ ಗದ್ದೆ ಒಣಗಿದರೆ ನಿಮ್ಮದೂ ಒಣಗುತ್ತದೆ. ಬೆಂಗಳೂರಿನ ಸಂಬಳಕ್ಕೆ ನಾಲೆಯ ಹಂಗಿಲ್ಲ. ಅವರು ನಿಮ್ಮ ಗೆಳೆಯನ 22 ಸಾವಿರವನ್ನು ಒಪ್ಪಿದ್ದು ಅದು ದೊಡ್ಡ ಮೊತ್ತ ಎಂದಲ್ಲ, ತಮ್ಮ ಮನೆಯ ಕಷ್ಟದ ದಿನಗಳಲ್ಲೇ ಅದು ಕೈಕೊಡುವುದಿಲ್ಲ ಎಂದು. ರೈತನೇ ರೈತನಿಗೆ ಹೆಣ್ಣು ಕೊಡುವುದಿಲ್ಲ ಎಂದು ನಾವು ಬೈಯುತ್ತೇವೆ. ಕೊಡದಿರುವ ರೈತನಿಗೆ ರೈತನ ಬದುಕು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

‘ಹೆಣ್ಣುಗಳೇ ಕಡಿಮೆಯಾಗಿದ್ದಾರೆ’ ಎಂಬ ಮಾತನ್ನು ನಿಮ್ಮ ಕಡೆ ದಿನಾ ಕೇಳುತ್ತೀರಿ. ಸ್ವಲ್ಪ ನಿಜ. 2023ರಲ್ಲಿ ನಿಮ್ಮದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಆದರೆ ರಾಜ್ಯದ ಲೆಕ್ಕ ನೋಡಿದರೆ, ಈಗ ಇಪ್ಪತ್ತರ ಕೊನೆಯಲ್ಲಿರುವವರು ಮಕ್ಕಳಾಗಿದ್ದ 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 946 ಹೆಣ್ಣುಮಕ್ಕಳಿದ್ದರು. ಪ್ರಕೃತಿಯಲ್ಲೇ ಸಾವಿರ ಗಂಡಿಗೆ ಸುಮಾರು 950 ಹೆಣ್ಣು ಹುಟ್ಟುವುದರಿಂದ ಇದು ತೀರಾ ದೊಡ್ಡ ಕೊರತೆಯಲ್ಲ. ಹನ್ನೊಂದು ನಿರಾಕರಣೆಗಳನ್ನು ಈ ಅಂಕಿ ವಿವರಿಸುವುದಿಲ್ಲ. ಹುಡುಗಿಯರು ಇದ್ದಾರೆ, ಓದಿ, ಬಸ್ ಹತ್ತಿ, ಮೈಸೂರು–ಬೆಂಗಳೂರಿನಲ್ಲಿದ್ದಾರೆ.

ಈ ಕಥೆ ಮಂಡ್ಯದಲ್ಲಿ ಶುರುವಾದದ್ದೂ ಅಲ್ಲ. ಫ್ರಾನ್ಸಿನ ಬೆಯಾರ್ನ್ ಎಂಬ ಸೀಮೆಯವರಾದ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದಿಯು, ತಮ್ಮ ಊರ ಕಡೆಯ ಕ್ರಿಸ್‌ಮಸ್ ನೃತ್ಯಕೂಟವನ್ನು ವಿವರಿಸಿ 1962ರಲ್ಲಿ ಬರೆದರು. ಪಟ್ಟಣದಿಂದ ಬಂದ ಹುಡುಗರು ಹುಡುಗಿಯರ ಜೊತೆ ಕುಣಿಯುತ್ತಿದ್ದಾರೆ. ಮೂವತ್ತು ದಾಟಿದ ರೈತರು, ಜಮೀನಿನ ವಾರಸುದಾರರು, ಗೋಡೆಗೆ ಆನಿಕೊಂಡು ನೋಡುತ್ತ ನಿಂತಿದ್ದಾರೆ. ಹಿಂದೆ ಅದೇ ಊರಲ್ಲಿ ಆಸ್ತಿ ಸಿಗದ ಕಿರಿಯ ಮಗನಿಗೆ ಮದುವೆ ಕಷ್ಟ, ಹಿರಿಯ ಮಗನಿಗೆ ಸಲೀಸು. ಒಂದು ತಲೆಮಾರಿನೊಳಗೆ ಜಮೀನು ವರದಿಂದ ಶಾಪವಾಯಿತು. ದಕ್ಷಿಣ ಕೊರಿಯಾದಲ್ಲಿ 2005ರಲ್ಲಿ ಮದುವೆಯಾದ ರೈತ ಮತ್ತು ಮೀನುಗಾರ ಗಂಡಸರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನ ಹೊರದೇಶದ ಹೆಣ್ಣನ್ನು ತಂದರು. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಿಗೆ ಉತ್ತರ ಭಾರತದಿಂದ ಹೆಣ್ಣು ತರುವ ಪ್ರಯತ್ನ ನಡೆದಿದೆ. 2023ರ ಫೆಬ್ರುವರಿಯಲ್ಲಿ ನಿಮ್ಮ ಕಡೆಯ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಅಂದು ಪೇಟೆಯಲ್ಲಿ ಕೂತು ನಕ್ಕವರಲ್ಲಿ ನಾನಿರಲಿಲ್ಲ. ಬೆಯಾರ್ನ್‌ನ ಗೋಡೆ, ಕೊರಿಯಾದ ವಿಮಾನ, ಮಾದಪ್ಪನ ಬೆಟ್ಟದ ದಾರಿ ಎಲ್ಲ ಒಂದೇ ನೋವಿನವು.

ನಿಮ್ಮ ಅಜ್ಜನಿಗೆ ಈ ತಾಪತ್ರಯ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅಕ್ಕನ ಮಗಳೋ ಸೋದರಮಾವನ ಮಗಳೋ ಹುಟ್ಟಿದಾಗಲೇ ಗೊತ್ತಾಗಿರುತ್ತಿದ್ದಳು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಆದ ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ ಅಧ್ಯಯನದಲ್ಲಿ, ಹತ್ತಿರ ಹತ್ತಿರ ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದಾಗಿತ್ತು. ಇಲ್ಲೊಂದು ಕುತೂಹಲದ ವಿಷಯ: ಎಳವೆಯಲ್ಲಿ ಒಂದೇ ಸೂರಿನಡಿ ಬೆಳೆದವರಲ್ಲಿ ಪರಸ್ಪರ ಆಕರ್ಷಣೆ ಹುಟ್ಟುವುದಿಲ್ಲ ಎಂದು ಫಿನ್ಲೆಂಡಿನ ವಿದ್ವಾಂಸ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಹೇಳಿದ್ದರು. ಇಸ್ರೇಲಿನ ಕಿಬುತ್ಸ್ ಎಂಬ ಸಾಮೂಹಿಕ ಬದುಕಿನ ಹಳ್ಳಿಗಳಲ್ಲಿ ಒಟ್ಟಿಗೆ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಬಹುತೇಕ ತಮ್ಮೊಳಗೆ ಮದುವೆಯಾಗದೇ ಹೋದದ್ದು ಇದಕ್ಕೆ ಹೆಸರಾಂತ ಸಾಕ್ಷಿ. ನಮ್ಮಲ್ಲಿ ಕೂಡುಕುಟುಂಬದಲ್ಲಿ ಜೊತೆಗೇ ಬೆಳೆಯುವ ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳು ಅಣ್ಣ–ತಂಗಿ. ಬೇಸಿಗೆ ರಜೆಯಲ್ಲಷ್ಟೇ ಕಾಣುವ ಅತ್ತೆ–ಮಾವನ ಮಕ್ಕಳು ವರಸೆಯವರು. ನೆಂಟಸ್ತಿಕೆಯ ಈ ಲೆಕ್ಕಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಮನಸ್ಸಿನ ಆ ಸ್ವಭಾವದ ಜೊತೆ ಅದು ಚೆನ್ನಾಗಿ ಹೊಂದಿಕೊಂಡಿತ್ತು. ಮಕ್ಕಳಿಗೆ ಅನುವಂಶೀಯ ಕಾಯಿಲೆಗಳ ಅಪಾಯ ಹೆಚ್ಚು ಎಂದು ಗೊತ್ತಾದ ಮೇಲೆ ಆ ಪದ್ಧತಿ ಹಿಂದೆ ಸರಿಯುತ್ತಿರುವುದು ಒಳ್ಳೆಯದೇ. ಆದರೆ ಅದರ ಜೊತೆ ಇನ್ನೊಂದೂ ಹೋಯಿತು, ಮದುವೆಗೆ ಮೊದಲೇ ಇದ್ದ ಪರಿಚಯ. ಅದರ ಜಾಗಕ್ಕೆ ಬಂದದ್ದು ಅರ್ಧ ಗಂಟೆಯ ಹೆಣ್ಣು ನೋಡುವ ಶಾಸ್ತ್ರ.

ನಿಮ್ಮ ಕಷ್ಟದ ಎರಡನೇ ಕಾಲು ಸಿಕ್ಕಿಬಿದ್ದಿರುವುದು ಆ ಅರ್ಧ ಗಂಟೆಯಲ್ಲೇ.

ಕಾಗದದ ಮೇಲೆ ಜನ ಬರೆಯುವ ಇಷ್ಟಗಳು ಮುಖಾಮುಖಿಯಲ್ಲಿ ಎಷ್ಟು ನಿಲ್ಲುತ್ತವೆ? ಮನೋವಿಜ್ಞಾನಿಗಳಾದ ಪಾಲ್ ಈಸ್ಟ್‌ವಿಕ್ ಮತ್ತು ಈಲೈ ಫಿಂಕೆಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ 163 ವಿದ್ಯಾರ್ಥಿಗಳಿಗೆ ನಾಲ್ಕು ನಾಲ್ಕು ನಿಮಿಷದ ಭೇಟಿಗಳನ್ನು ಏರ್ಪಡಿಸಿದರು. ಮೊದಲೇ ಕೇಳಿದಾಗ ಹುಡುಗಿಯರು ಗಳಿಕೆ, ಹುಡುಗರು ರೂಪ ಎಂದಿದ್ದರು, ಥೇಟ್ ನಿಮ್ಮ ವಿಡಿಯೊ. ಎದುರು ಕೂತ ಮೇಲೆ ಯಾರು ಇಷ್ಟವಾದರು ಎಂದು ನೋಡಿದರೆ ಆ ವ್ಯತ್ಯಾಸ ಮಾಯ. ಬರೆದುಕೊಟ್ಟ ಪಟ್ಟಿಗೂ ಮನಸ್ಸು ಹರಿದ ವ್ಯಕ್ತಿಗೂ ತಾಳೆಯೇ ಇರಲಿಲ್ಲ. 2017ರಲ್ಲಿ ಇವರೇ ಸಮಾಂತಾ ಜೋಯೆಲ್ ಜೊತೆ ಸೇರಿ ನೂರಕ್ಕೂ ಹೆಚ್ಚು ಗುಣ–ಇಷ್ಟಗಳ ಮಾಹಿತಿಯನ್ನು ಕಂಪ್ಯೂಟರಿಗೆ ಉಣಿಸಿದರು. ಸಾಮಾನ್ಯವಾಗಿ ಯಾರು ಹೆಚ್ಚು ಜನರಿಗೆ ಇಷ್ಟವಾಗುತ್ತಾರೆ ಎಂದು ಅದು ಅಲ್ಪಸ್ವಲ್ಪ ಹೇಳಿತು. ಇಂಥವಳಿಗೇ ಇಂಥವನು ಯಾಕೆ ಹಿಡಿಸಿದ ಎಂಬುದನ್ನು ಹೇಳಲು ಅದಕ್ಕೆ ಆಗಲೇ ಇಲ್ಲ. ಜಾತಕ ನೋಡುವ ಜೋಯಿಸರು ಇದನ್ನು ಕೇಳಿ ಸಂತೋಷಪಡುವುದು ಬೇಡ, ಅವರ ಸ್ಥಿತಿ ಇನ್ನೂ ಕಷ್ಟ.

ಆದರೆ ಪರಿಚಯ ಎಂಬ ಒಂದು ಸಾಧಾರಣ ಸಂಗತಿ ಮತ್ತೆ ಮತ್ತೆ ಕೆಲಸ ಮಾಡುತ್ತದೆ. 1992ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗಿನ ಒಂದು ಪ್ರಯೋಗದಲ್ಲಿ ನಾಲ್ವರು ಯುವತಿಯರು ವಿದ್ಯಾರ್ಥಿಗಳ ಸೋಗಿನಲ್ಲಿ ಒಂದೇ ತರಗತಿಗೆ ಬೇರೆ ಬೇರೆ ಸಂಖ್ಯೆಯಲ್ಲಿ ಹಾಜರಾದರು. ಒಬ್ಬಳು ಹದಿನೈದು ಸಲ, ಒಬ್ಬಳು ಹತ್ತು, ಒಬ್ಬಳು ಐದು, ಕೊನೆಯವಳು ಒಮ್ಮೆಯೂ ಇಲ್ಲ. ಯಾರ ಜೊತೆಗೂ ಮಾತಾಡಲಿಲ್ಲ. ಕೊನೆಗೆ ಚಿತ್ರ ತೋರಿಸಿದಾಗ ಹೆಚ್ಚು ಸಲ ಬಂದವಳೇ ತರಗತಿಗೆ ಹೆಚ್ಚು ಚೆಲುವೆಯಾಗಿ ಕಂಡಳು. 2015ರ ಇನ್ನೊಂದು ಅಧ್ಯಯನ 167 ಜೋಡಿಗಳನ್ನು ನೋಡಿತು. ಭೇಟಿಯಾದ ಕೂಡಲೇ ಜೊತೆಯಾದವರು ರೂಪದಲ್ಲಿ ಹೆಚ್ಚುಕಡಿಮೆ ಸರಿಸಮ. ತಿಂಗಳುಗಟ್ಟಲೆ ಗೆಳೆಯರಾಗಿದ್ದು ಆಮೇಲೆ ಜೋಡಿಯಾದವರಲ್ಲಿ ಆ ಸರಿಸಮವೇ ಸಡಿಲವಾಗಿತ್ತು. ಹೊತ್ತು ಸಿಕ್ಕರೆ ಜನ ಒಬ್ಬರಲ್ಲೊಬ್ಬರು ಬೇರೆ ಏನನ್ನೋ ಕಾಣತೊಡಗುತ್ತಾರೆ. ನಿಮಗೆ ಸಿಗುತ್ತಿರುವುದು ಕೇಸರಿಬಾತ್ ತಟ್ಟೆ ಖಾಲಿಯಾಗುವಷ್ಟು ಹೊತ್ತು. ಆ ಹೊತ್ತಿನಲ್ಲಿ ಕಾಣುವುದು ನಿಮ್ಮ ಮೈಬಣ್ಣ, ಅಂಗಿ ಮತ್ತು ಬ್ರೋಕರ್ ಹೇಳುವ ‘ವ್ಯವಸಾಯ’ ಎಂಬ ಪದ. ನಿಮ್ಮ ಸ್ವಭಾವ ನಿಮ್ಮ ಜೊತೆಗೇ ಮನೆಗೆ ವಾಪಸು ಬರುತ್ತದೆ.

ಜೊತೆಗೆ ಬ್ರೋಕರ್ ತೋರಿಸುವ ಮನೆಗಳೆಲ್ಲ ಒಂದೇ ಜಾತಿಯವು ಇರಬೇಕು. ದೇಶದಲ್ಲಿ ಅಂತರ್ಜಾತಿ ಮದುವೆಗಳ ಪ್ರಮಾಣ ಶೇ 5ರ ಆಸುಪಾಸು. ಅದನ್ನು ದಾಟುವುದು ಬಿಡುವುದು ನಿಮಗೂ ನಿಮ್ಮ ಮನೆಗೂ ಬಿಟ್ಟದ್ದು. ಆದರೆ ಬೇಲಿ ಹಾಕಿದವರು ವಿಕಾಸದ ಮೇಲೆ ದೂರು ಹೇಳಬಾರದು.

ಇನ್ನು ಬೆಂಗಳೂರಿನ ಪ್ರಶ್ನೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅವರ ತಂಡ ಒಂದು ಬಗೆಯ ಮರಜೀರುಂಡೆಯ ಮೇಲೆ ಮಾಡಿದ ಕೆಲಸ ನನಗೆ ಬಹಳ ಇಷ್ಟ. ರಾತ್ರಿ ಗಂಡು ರೆಕ್ಕೆ ಉಜ್ಜಿ ಕೂಗುತ್ತದೆ. ಜೋರಾಗಿ ಕೂಗುವ ಗಂಡಿನತ್ತ ಹೆಣ್ಣು ಹೋಗುತ್ತದೆ. ಜೋರಾಗಿ ಕೂಗಲಾರದ ಸಣ್ಣ ಗಂಡುಗಳು ಎಲೆಯ ನಡುವೆ ತಮ್ಮ ಅಳತೆಗೆ ಸರಿಯಾಗಿ ತೂತು ಕೊರೆದು, ಅದರಲ್ಲಿ ಕೂತು ಕೂಗುತ್ತವೆ. ಎಲೆ ಧ್ವನಿವರ್ಧಕವಾಗುತ್ತದೆ. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಉಪಾಯಕ್ಕೆ ಹೆಣ್ಣುಗಳು ಮೋಸಹೋಗುತ್ತವೆ. ನಿಮಗೆ ಬೇಕಾದರೆ ಬೆಂಗಳೂರು ಅಂಥದ್ದೊಂದು ಎಲೆ. ಮದುವೆಗೆಂದೇ ಒಂದು ವರ್ಷ ಯಾವುದೋ ಗೋದಾಮಿನಲ್ಲಿ ಕೆಲಸ ಹಿಡಿದು, ಮದುವೆಯಾದ ಆರನೇ ತಿಂಗಳು ‘ಅಪ್ಪನಿಗೆ ಹುಷಾರಿಲ್ಲ’ ಎಂದು ಊರಿಗೆ ಮರಳಿದವರು ನಿಮ್ಮ ಊರಲ್ಲೇ ಒಬ್ಬಿಬ್ಬರು ಇರಬಹುದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದವರು ಮದುವೆಯ ಮಾರನೆಯ ದಿನದ ಬಗ್ಗೆ ಏನೂ ಹೇಳಿಲ್ಲ. ಜೀರುಂಡೆಯ ಸಂಸಾರ ಒಂದು ರಾತ್ರಿಯದು, ಅದಕ್ಕೆ ಎಲೆ ಸಾಕು. ಬೆಂಗಳೂರಿನ ಕೆಲಸ ನಿಮಗೇ ಇಷ್ಟವಿದ್ದರೆ ಹೋಗಿ. ಹೆಣ್ಣಿಗಾಗಿ ಹೋಗುವುದಾದರೆ ಬೇಡ.

ಹಾಗಾದರೆ ಏನು ಮಾಡಬೇಕು? ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಎಕರೆ, ಕೊಳವೆಬಾವಿ, ಹಸು, ಟ್ರ್ಯಾಕ್ಟರ್ ಎಲ್ಲ ಇದೆ. ಆ ಹನ್ನೊಂದು ಹುಡುಗಿಯರಲ್ಲಿ ಒಬ್ಬಳು ಏನು ಓದಿದ್ದಳು, ಏನು ಕೇಳಿದಳು ಎಂಬುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಶಾಸ್ತ್ರವೇ ಹಾಗೆ ರೂಢಿ ಮಾಡಿಸಿದೆ. ಹನ್ನೆರಡನೇ ಮನೆಗೆ ಹೋಗುವ ಮುನ್ನ ಕೆಲವು ವಿಷಯ ನಿಮ್ಮ ಮನೆಯಲ್ಲೇ ತೀರ್ಮಾನವಾಗಲಿ. ಬೆಳಗಿನ ಐದೂವರೆಗೆ ಹಾಲು ಕರೆಯುವವರು ಯಾರು? ನಿಮ್ಮ ತಾಯಿಗೆ ವಾರ ಜ್ವರ ಬಂದರೆ ಆಗ ಯಾರು? ನಿಮ್ಮ ಕೈಗೆ ಅದು ಬರದಿದ್ದರೆ ಕಲಿಯಿರಿ, ಇಲ್ಲವೇ ಕರೆಯುವ ಯಂತ್ರ ತನ್ನಿ, ಇಲ್ಲವೇ ಎರಡು ಹಸು ಮಾರಿ. ಬಚ್ಚಲಿಗೆ ಬಿಸಿನೀರು ಸೌದೆಯಿಲ್ಲದೆ ಬರಲಿ. ಟ್ರ್ಯಾಕ್ಟರಿನ ಬಾಡಿಗೆಯೋ ಹಾಲಿನ ಹಣವೋ, ತಿಂಗಳಿಗೊಮ್ಮೆ ಬರುವ ಒಂದು ಆದಾಯ ಬರುವವಳ ಖಾತೆಗೇ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನಿಮ್ಮ ಮನೆಗೆ ಇದೆಯೇ ನೋಡಿ. ಅವಳು ಬಿ.ಇಡಿ. ಮಾಡಿದ್ದರೆ ಹತ್ತಿರದ ಶಾಲೆ ಎಷ್ಟು ದೂರ, ಬಸ್ ಎಷ್ಟು ಹೊತ್ತಿಗಿದೆ ಎಂದು ಹೋಗುವ ಮೊದಲೇ ತಿಳಿದುಕೊಂಡಿರಿ. ಕಿಪ್ಸಿಗಿಸ್ ಹೆಣ್ಣುಮಕ್ಕಳು ನೋಡಿದ್ದು ಗಂಡನ ಜಮೀನಿನಲ್ಲಿ ತಮ್ಮ ಪಾಲನ್ನು. ನಿಮ್ಮ ಕಡೆಯ ಹುಡುಗಿಯರು ಹುಡುಕುತ್ತಿರುವುದೂ ಅದನ್ನೇ.

ಮತ್ತೆ ಭೇಟಿಗೆ ಹೋದಾಗ ಎರಡನೇ ಸಲ, ಮೂರನೇ ಸಲ ಮಾತಾಡಲು ಅವಕಾಶ ಕೇಳಿ. ಹಿರಿಯರು ಜಗಲಿಯಲ್ಲಿರಲಿ, ನೀವಿಬ್ಬರು ಊರ ದೇವಸ್ಥಾನದ ಕಟ್ಟೆಯಲ್ಲಿ ಕೂತು ಒಂದು ಗಂಟೆ ಮಾತಾಡಿದರೆ ಲೋಕ ಮುಳುಗುವುದಿಲ್ಲ. ಆಗಲೂ ಅವಳು ಬೇಡ ಎನ್ನಬಹುದು. ಕಡೇಪಕ್ಷ ನಿಮ್ಮನ್ನು ನೋಡಿ ಬೇಡ ಎಂದಿರುತ್ತಾಳೆ, ಮತ್ತು ಯಾಕೆಂದು ಕೇಳುವಷ್ಟು ಪರಿಚಯ ನಿಮಗೆ ಆಗಿರುತ್ತದೆ. ಕೇಳಿ, ಅವಳು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಪತ್ರದಲ್ಲಿ ಅದನ್ನೇ ನನಗೆ ಕಳಿಸಿ.